ಆಟಕ್ಕಿಳಿಯುವ ಮಕ್ಕಳ ಹೃದಯ ತಪಾಸಣೆ: ಮನೆಯ ಪ್ರಶ್ನೆಗಳಿಂದ ಮೈದಾನದ ಶಾಕ್ ಯಂತ್ರದವರೆಗೆ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಆಟವನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ, ದಿನವೂ ಅಭ್ಯಾಸ, ಆಗಾಗ ಪಂದ್ಯ ಅಂತ ಓಡಾಡುತ್ತಿದ್ದರೆ, ಹೃದಯದ ತಪಾಸಣೆ ಮಾಡಿಸಲೇಬೇಕು. "ದಿನಾ ಅಷ್ಟು ದೂರ ಓಡ್ತಾನೆ, ಅವನಿಗೆ ಏನಾಗುತ್ತೆ?" ಎಂದು ಎಷ್ಟೋ ಜನ ಹೇಳುತ್ತಾರೆ. ಹಾಗೆ ಅನ್ನಿಸುವುದು ಸಹಜ. ಆದರೆ ಹುಟ್ಟಿನಿಂದ ಬಂದ ಹೃದಯದ ದೋಷ ಇಟ್ಟುಕೊಂಡೇ ವರ್ಷಗಟ್ಟಲೆ ಚೆನ್ನಾಗಿ ಓಡಬಹುದು, ಪದಕವನ್ನೂ ಗೆಲ್ಲಬಹುದು. ದೋಷ ಹೊರಗೆ ಕಾಣದೇ ಇರುವುದೇ ಇಲ್ಲಿನ ತೊಂದರೆ.

ಹಾಗಂತ ಹೆದರಿ ಮಕ್ಕಳನ್ನು ಆಟ ಬಿಡಿಸಬೇಡಿ. ಆಟಗಾರರ ಹೃದಯ ಹಠಾತ್ತಾಗಿ ನಿಂತು ಸಾವು ಬರುವುದು ಅಪರೂಪದ ಸಂಗತಿ. ಅಮೆರಿಕದ ಕಾಲೇಜು ಕ್ರೀಡಾಪಟುಗಳ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 50,000 ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ಆಟದಿಂದ ಸಿಗುವ ಲಾಭ ಈ ಅಪಾಯಕ್ಕಿಂತ ಎಷ್ಟೋ ದೊಡ್ಡದು. ಆದರೂ ತಪಾಸಣೆ ಮಾಡಿಸಿ ಎನ್ನಲು ಕಾರಣ ಇದೆ. ಸಾಯುವವರಲ್ಲಿ ಕೆಲವರಿಗೆ ದೇಹ ಮೊದಲೇ ಸೂಚನೆ ಕೊಟ್ಟಿರುತ್ತದೆ. ಕೇಳುವವರು ಇರಲಿಲ್ಲ, ಅಥವಾ ಕೇಳಿದ ರೀತಿ ಸರಿಯಿರಲಿಲ್ಲ.

ಅದಕ್ಕೇ ಈ ಲೇಖನದಲ್ಲಿ ಯಂತ್ರಗಳಿಗಿಂತ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಪೋಷಕರು ಮತ್ತು ಕೋಚ್‌ಗಳು ತಾವೇ ಮಾಡಬಹುದಾದ ಕೆಲಸ ಇರುವುದೂ ಅಲ್ಲೇ.

ಹುಡುಕುತ್ತಿರುವುದು ಏನನ್ನು?

ದೊಡ್ಡವರಿಗೆ, ಅಂದರೆ 35 ದಾಟಿದವರಿಗೆ, ಆಟದ ನಡುವೆ ಹೃದಯ ನಿಂತರೆ ಹೆಚ್ಚಾಗಿ ಕಾರಣ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿರುವುದು. ಎಳೆಯರಲ್ಲಿ ಹಾಗಲ್ಲ. ಅವರಲ್ಲಿ ಮುಖ್ಯವಾಗಿ ಎರಡು ಬಗೆಯ ದೋಷಗಳನ್ನು ಹುಡುಕಬೇಕು.

ಒಂದು, ಹೃದಯದ ರಚನೆಯಲ್ಲಿರುವ ದೋಷ. ಹೃದಯದ ಸ್ನಾಯು ಕಾರಣವಿಲ್ಲದೆ ದಪ್ಪಗಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಇದರಲ್ಲಿ ಹೆಸರಾದದ್ದು. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ಗಾಯದ ಕಲೆಯಂಥ ನಾರು ತುಂಬಿಕೊಳ್ಳುವ ಅರಿತ್ಮೋಜೆನಿಕ್ ಕಾರ್ಡಿಯೋಮಯೋಪತಿ ಇನ್ನೊಂದು. ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟಿರಬಹುದು. ದೇಹದ ಭಾಗಗಳನ್ನು ಹಿಡಿದಿಡುವ ಅಂಗಾಂಶವೇ ದುರ್ಬಲವಾಗಿರುವ ಮಾರ್ಫನ್ ಸಿಂಡ್ರೋಮ್ ಇದ್ದವರಲ್ಲಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆ ದುರ್ಬಲವಾಗಿ ಸೀಳಬಹುದು.

ಎರಡು, ಹೃದಯದ ವಿದ್ಯುತ್ ವ್ಯವಸ್ಥೆಯ ದೋಷ. ಪ್ರತಿ ಬಡಿತದ ನಂತರ ವಿದ್ಯುತ್ ಮತ್ತೆ ಸಿದ್ಧವಾಗಲು ಹೆಚ್ಚು ಹೊತ್ತು ಹಿಡಿಯುವ ಲಾಂಗ್ ಕ್ಯೂಟಿ ಸಿಂಡ್ರೋಮ್, ಬ್ರುಗಾಡ ಸಿಂಡ್ರೋಮ್, ಶ್ರಮ ಅಥವಾ ಗಾಬರಿಯಲ್ಲಿ ಲಯ ಕೆಡುವ ಸಿಪಿವಿಟಿ, ವಿದ್ಯುತ್ ಹರಿಯಲು ಹೆಚ್ಚುವರಿ ದಾರಿ ಇರುವ ಡಬ್ಲ್ಯೂಪಿಡಬ್ಲ್ಯೂ ಇವೆಲ್ಲ ಈ ಗುಂಪಿನವು. ಇಲ್ಲಿ ಹೃದಯ ನೋಡಲು ಸಂಪೂರ್ಣ ಸರಿಯಾಗಿರುತ್ತದೆ. ಮರಣೋತ್ತರ ಪರೀಕ್ಷೆಯಲ್ಲೂ ಏನೂ ಸಿಗದೆ ಹೋಗಬಹುದು.

ಇವೆರಡರ ಜೊತೆಗೆ ಹುಟ್ಟಿನಿಂದ ಬಾರದ ಕಾರಣಗಳೂ ಇವೆ. ವೈರಸ್ ಜ್ವರದ ನಂತರ ಹೃದಯದ ಸ್ನಾಯುವಿಗೆ ಉರಿಯೂತ ಬರಬಹುದು, ಅದಕ್ಕೆ ಮಯೋಕಾರ್ಡೈಟಿಸ್ ಎನ್ನುತ್ತಾರೆ. ಏನೂ ದೋಷವಿಲ್ಲದ ಹೃದಯವೂ ನಿಲ್ಲಬಹುದು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಒಂದು ಸೂಕ್ಷ್ಮ ಕ್ಷಣದಲ್ಲಿ ಎದೆಯ ಮೇಲೆ ಚೆಂಡೋ ಮೊಣಕೈಯೋ ಬಲವಾಗಿ ಬಿದ್ದರೆ ಲಯ ತಪ್ಪಿಬಿಡುತ್ತದೆ. ಇದು ಕಮೋಶಿಯೋ ಕಾರ್ಡಿಸ್. 2023ರ ಜನವರಿ 2ರಂದು ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಮೈದಾನದಲ್ಲಿ ಕುಸಿದದ್ದು ಹೀಗೆ. ಇಂಥದ್ದನ್ನು ಯಾವ ತಪಾಸಣೆಯೂ ಮೊದಲೇ ಹೇಳಲಾರದು. ಈ ಮಾತು ನೆನಪಿರಲಿ, ಮೈದಾನದ ಸಿದ್ಧತೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹೆಜ್ಜೆ 1: ಮಕ್ಕಳನ್ನು ಕೂರಿಸಿಕೊಂಡು ಕೇಳಿ

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 14 ಅಂಶಗಳ ಒಂದು ಪಟ್ಟಿ ಮಾಡಿದೆ. ಅದರಲ್ಲಿ 10 ಬರೀ ಪ್ರಶ್ನೆಗಳು. ವೈದ್ಯರು ಕೈಯಿಟ್ಟು ನೋಡಬೇಕಾದವು ನಾಲ್ಕೇ. ಅಂದರೆ ತಪಾಸಣೆಯ ದೊಡ್ಡ ಭಾಗವನ್ನು ನೀವು ಮನೆಯಲ್ಲೇ ಶುರು ಮಾಡಬಹುದು.

ಆದರೆ ಹೇಗೆ ಕೇಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ತಂಡದಿಂದ ಕೈಬಿಡುತ್ತಾರೆ ಎಂಬ ಹೆದರಿಕೆ ಮಕ್ಕಳಿಗೆ ಇದ್ದೇ ಇರುತ್ತದೆ. ಫಾರ್ಮ್ ಕೊಟ್ಟರೆ ಎಲ್ಲದಕ್ಕೂ "ಇಲ್ಲ" ಎಂದು ಟಿಕ್ ಹಾಕಿ ಎದ್ದು ಹೋಗುತ್ತಾರೆ. ಬಾಯಿಂದ ಕೇಳಿದರೂ ಮೊದಲ ಉತ್ತರ ಅದೇ.

"ಓಡುವಾಗ ಯಾವತ್ತಾದರೂ ತಲೆ ತಿರುಗಿತ್ತಾ?"

"ಇಲ್ಲಮ್ಮ."

"ಮೊನ್ನೆ ಕೊನೇ ಸುತ್ತಲ್ಲಿ ಮಧ್ಯದಲ್ಲೇ ನಿಂತುಬಿಟ್ಟೆಯಲ್ಲ, ಆಗ ಏನಾಗಿತ್ತು?"

"ಸುಮ್ನೆ ಕಣ್ಣಿಗೆ ಕತ್ತಲೆ ಕಟ್ಟಿದ ಹಾಗಾಯ್ತು, ಅಷ್ಟೇ. ಆಮೇಲೆ ಸರಿಹೋಯ್ತು."

ಆ "ಅಷ್ಟೇ" ವೈದ್ಯರಿಗೆ ಬಹಳ ಮುಖ್ಯ. ಒಂದು ನಿರ್ದಿಷ್ಟ ದಿನವನ್ನು, ಪಂದ್ಯವನ್ನು ಹಿಡಿದು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ. ಬೈಯುವ ದನಿಯಲ್ಲಿ ಕೇಳಿದರೆ ಬರುವುದಿಲ್ಲ. "ಆಡೋದು ನಿಲ್ಲಿಸೋಕೆ ಕೇಳ್ತಿಲ್ಲ, ನೀನು ನಿಶ್ಚಿಂತೆಯಾಗಿ ಆಡಲಿ ಅಂತ ಕೇಳ್ತಿದ್ದೀನಿ" ಎಂದು ಮೊದಲೇ ಹೇಳಿ.

ಕೇಳಬೇಕಾದದ್ದು ಇವು. ಶ್ರಮ ಮಾಡುವಾಗ ಎದೆ ನೋವು, ಎದೆ ಹಿಡಿದ ಹಾಗೆ, ಭಾರ ಇಟ್ಟ ಹಾಗೆ ಆಗಿದೆಯಾ? ಪ್ರಜ್ಞೆ ತಪ್ಪಿದೆಯಾ, ತಪ್ಪುವ ಹಾಗಾಗಿದೆಯಾ? ಜೊತೆಯವರಿಗಿಂತ ಬೇಗ ಏದುಸಿರು, ಕಾರಣವಿಲ್ಲದ ಸುಸ್ತು ಬರುತ್ತದಾ? ಎದೆ ಇದ್ದಕ್ಕಿದ್ದ ಹಾಗೆ ಡವಡವ ಎಂದು ಹೊಡೆದುಕೊಂಡು, ಇದ್ದಕ್ಕಿದ್ದ ಹಾಗೆ ನಿಂತಿದೆಯಾ? ಮೊದಲು ಯಾರಾದರೂ ವೈದ್ಯರು ಹೃದಯದಲ್ಲಿ ಸದ್ದಿದೆ ಎಂದಿದ್ದರಾ, ಬಿಪಿ ಜಾಸ್ತಿ ಎಂದಿದ್ದರಾ, ಹೃದಯದ ಪರೀಕ್ಷೆ ಬರೆದುಕೊಟ್ಟಿದ್ದರಾ, ಆಟ ಬೇಡ ಎಂದಿದ್ದರಾ?

ಪ್ರಜ್ಞೆ ತಪ್ಪುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿ ಗೊಂದಲ ಜಾಸ್ತಿ. ಓಟ ಮುಗಿದು ತಟ್ಟನೆ ನಿಂತಾಗ ತಲೆ ಸುತ್ತಿ ಬೀಳುವುದು ಹಲವರಿಗೆ ಆಗುತ್ತದೆ. ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದು ನಿಲ್ಲುತ್ತದೆ, ರಕ್ತ ಕಾಲಲ್ಲೇ ಉಳಿಯುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಬಿಸಿಲಲ್ಲಿ ಬಹಳ ಹೊತ್ತು ನಿಂತಾಗ, ರಕ್ತ ನೋಡಿದಾಗ, ಸೂಜಿ ಚುಚ್ಚುವಾಗ ಬೀಳುವುದೂ ಹೆಚ್ಚಾಗಿ ಅಪಾಯವಲ್ಲ. ಆದರೆ ಓಡುತ್ತಿರುವಾಗಲೇ, ಚೆಂಡಿನ ಹಿಂದೆ ಹೋಗುತ್ತಿರುವಾಗಲೇ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ ಅದು ಬೇರೆಯೇ ವಿಷಯ. ಹೃದಯವೇ ಕಾರಣ ಎಂದು ಹಿಡಿದು ನಡೆಯಬೇಕು, ಅಲ್ಲ ಎಂದು ಪರೀಕ್ಷೆಯಲ್ಲಿ ಸಾಬೀತಾಗುವ ತನಕ. ಬೀಳುವಾಗ ಕೈ ಅಡ್ಡ ಹಿಡಿಯದೆ ಮುಖಕ್ಕೆ ಗಾಯ ಮಾಡಿಕೊಂಡಿದ್ದರೆ ಇನ್ನೂ ಗಂಭೀರ. ಆದ್ದರಿಂದ "ಬಿದ್ದೆಯಾ?" ಎಂದಷ್ಟೇ ಕೇಳಿದರೆ ಸಾಲದು. ಬೀಳುವ ಹಿಂದಿನ ಕ್ಷಣ ಏನು ಮಾಡುತ್ತಿದ್ದೆ, ಬೀಳುತ್ತೇನೆ ಎಂದು ಗೊತ್ತಾಯಿತಾ, ನೋಡಿದವರು ಏನಂದರು ಎಂದು ಕೇಳಿ.

ಇನ್ನೊಂದು ಬಲೆ ಇದೆ. ಹೃದಯದ ಲಯ ತಪ್ಪಿ ಮಿದುಳಿಗೆ ರಕ್ತ ಹೋಗದಿದ್ದಾಗ ಕೈಕಾಲು ಅದುರಬಹುದು. ನೋಡಿದವರು ಫಿಟ್ಸ್ ಬಂತು ಅಂದುಕೊಳ್ಳುತ್ತಾರೆ. ಹೀಗೆ ಮೂರ್ಛೆರೋಗ ಎಂದು ಹೆಸರಿಟ್ಟು ವರ್ಷಗಟ್ಟಲೆ ಮಾತ್ರೆ ತಿನ್ನಿಸಿ, ಕೊನೆಗೆ ಲಾಂಗ್ ಕ್ಯೂಟಿ ಎಂದು ಗೊತ್ತಾಗುವುದುಂಟು. ಆಡುವಾಗ, ಈಜುವಾಗ, ಗಾಬರಿಯಾದಾಗ, ಜೋರಾದ ಸದ್ದಿಗೆ ಬೆಚ್ಚಿಬಿದ್ದಾಗ ಫಿಟ್ಸ್ ಬಂದಿದ್ದರೆ ಒಂದು ಇಸಿಜಿ (ಹೃದಯದ ವಿದ್ಯುತ್ ಅಲೆಗಳ ದಾಖಲೆ) ಆಗಿಯೇ ತೀರಬೇಕು.

ಏನೇನು ಮಾತ್ರೆ, ಪುಡಿ, ಎನರ್ಜಿ ಡ್ರಿಂಕ್ ತೆಗೆದುಕೊಳ್ಳುತ್ತಿದ್ದಾರೆ ಎಂದೂ ಕೇಳಿಬಿಡಿ. ಉತ್ತೇಜಕಗಳು, ಸ್ಟೀರಾಯ್ಡ್, ಕೆಲವು ಸಾಮಾನ್ಯ ಆ್ಯಂಟಿಬಯೋಟಿಕ್ ಮತ್ತು ಅಲರ್ಜಿ ಮಾತ್ರೆಗಳು ಕೂಡ ಹೃದಯದ ಲಯದ ಮೇಲೆ ಪರಿಣಾಮ ಬೀರಬಲ್ಲವು.

ಹೆಜ್ಜೆ 2: ಕುಟುಂಬದ ಹಿನ್ನೆಲೆ ಕೆದಕಿ

ಮೇಲೆ ಹೇಳಿದ ಕಾಯಿಲೆಗಳಲ್ಲಿ ಹಲವು ವಂಶದಲ್ಲಿ ಹರಿದು ಬರುವಂಥವು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ತಂದೆ ಅಥವಾ ತಾಯಿಗೆ ದೋಷವಿರುವ ಜೀನ್ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ.

"ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದೆಯಾ?" ಎಂಬ ಪ್ರಶ್ನೆಗೆ ಉಪಯೋಗವಾಗುವ ಉತ್ತರ ಸಿಗುವುದು ಕಡಿಮೆ. ಕಾಯಿಲೆ ಗೊತ್ತಾಗುವ ಮುಂಚೆಯೇ ಹೋದವರ ಹೆಸರು ಅದರಲ್ಲಿ ಬರುವುದೇ ಇಲ್ಲ. ಬದಲಿಗೆ ಹೀಗೆ ಕೇಳಿ: "ನಮ್ಮಲ್ಲಿ 50 ತುಂಬುವ ಮೊದಲೇ ಯಾರು ಯಾರು ತೀರಿಕೊಂಡರು? ಹೇಗೆ?" ಮನೆಯ ಹಿರಿಯರ ಹತ್ತಿರ ಕೂತು, ಅಪ್ಪನ ಕಡೆ, ಅಮ್ಮನ ಕಡೆ ಎರಡೂ, ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು. ಆಗ ಬರುವ ಉತ್ತರಗಳೇ ಬೇರೆ. ಚೆನ್ನಾಗಿ ಈಜು ಬರುತ್ತಿದ್ದ ಚಿಕ್ಕಪ್ಪ ನೀರಲ್ಲಿ ಮುಳುಗಿದ. ಸೋದರಮಾವನ ಗಾಡಿ ಖಾಲಿ ರಸ್ತೆಯಲ್ಲಿ ಸುಮ್ಮನೆ ಹೋಗಿ ಮರಕ್ಕೆ ಹೊಡೆಯಿತು. ರಾತ್ರಿ ಮಲಗಿದ ಅಣ್ಣ ಬೆಳಗ್ಗೆ ಏಳಲೇ ಇಲ್ಲ. ಹುಟ್ಟಿದ ಕೆಲವೇ ತಿಂಗಳಿಗೆ ಮಗು ತೊಟ್ಟಿಲಲ್ಲೇ ಹೋಯಿತು. ಇವೆಲ್ಲ ಹೃದಯದ ಸಾವೇ ಎಂದು ಹೇಳಲಾಗದು. ಆದರೆ ಆಗಿರಬಹುದು, ಆದ್ದರಿಂದ ಬರೆದುಕೊಂಡು ವೈದ್ಯರಿಗೆ ಹೇಳಬೇಕು.

ಚಿಕ್ಕ ವಯಸ್ಸಿಗೇ ಪೇಸ್‌ಮೇಕರ್ ಅಥವಾ ಐಸಿಡಿ (ಲಯ ತಪ್ಪಿದಾಗ ಎದೆಯೊಳಗಿಂದಲೇ ಶಾಕ್ ಕೊಡುವ ಸಾಧನ) ಹಾಕಿಸಿಕೊಂಡವರು, ಹೃದಯ ಕಸಿ ಆದವರು, 50ಕ್ಕೆ ಮೊದಲು ಹೃದಯದ ತೊಂದರೆಯಿಂದ ಕೆಲಸ ಬಿಟ್ಟವರು, ತುಂಬಾ ಎತ್ತರವಾಗಿದ್ದು ಮಹಾಪಧಮನಿಯ ಆಪರೇಷನ್ ಮಾಡಿಸಿಕೊಂಡವರು ಇದ್ದರೆ ಅದೂ ಪಟ್ಟಿಗೆ ಸೇರಲಿ. ಸಾಧ್ಯವಾದರೆ ಹಳೆಯ ವರದಿಗಳನ್ನು ಹುಡುಕಿ ಜೊತೆಗಿಟ್ಟುಕೊಳ್ಳಿ. "ಹಾರ್ಟ್ ಅಟ್ಯಾಕ್ ಅಂದ್ರು" ಎನ್ನುವುದಕ್ಕೂ ಕೈಯಲ್ಲಿರುವ ವರದಿಗೂ ಬಹಳ ವ್ಯತ್ಯಾಸ ಇರುತ್ತದೆ.

ಹೆಜ್ಜೆ 3: ವೈದ್ಯರ ಪರೀಕ್ಷೆ

ಇದು ಹೆಚ್ಚು ಹೊತ್ತಿನ ಕೆಲಸವಲ್ಲ, ಆದರೆ ಅವಸರದಲ್ಲಿ ಮಾಡಿದರೆ ಪ್ರಯೋಜನವೂ ಇಲ್ಲ. ಸಾಲಾಗಿ ನಿಲ್ಲಿಸಿ, ಅಂಗಿಯ ಮೇಲಿಂದಲೇ ಸ್ಟೆತಾಸ್ಕೋಪ್ ಒಂದು ಸಲ ಇಟ್ಟು ಸಹಿ ಹಾಕಿಕೊಡುವುದನ್ನು ತಪಾಸಣೆ ಎನ್ನಲು ನನಗೆ ಮನಸ್ಸಿಲ್ಲ.

ಹೃದಯದ ಸದ್ದನ್ನು ಮಲಗಿಸಿಯೂ ಕೇಳಬೇಕು, ನಿಲ್ಲಿಸಿಯೂ ಕೇಳಬೇಕು. ಮಕ್ಕಳಲ್ಲಿ ಬಡಿತದ ನಡುವೆ ಹೆಚ್ಚುವರಿ ಸದ್ದಾಗಿ ಕೇಳಿಬರುವ ಎಷ್ಟೋ ಮರ್ಮರ್‌ಗಳು ನಿರಪಾಯಕಾರಿ, ಅವು ನಿಂತಾಗ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯ ಮರ್ಮರ್ ಇದಕ್ಕೆ ತಿರುಗುಮುರುಗು. ನಿಂತಾಗ, ಅಥವಾ ಉಸಿರು ಬಿಗಿಹಿಡಿದು ಮುಕ್ಕಿದಾಗ ಜೋರಾಗುತ್ತದೆ, ಕುಕ್ಕರುಗಾಲಲ್ಲಿ ಕೂತರೆ ತಗ್ಗುತ್ತದೆ. ಮಲಗಿಸಿ ಮಾತ್ರ ಕೇಳಿದರೆ ಇದು ತಪ್ಪಿಹೋಗಬಹುದು. ಹಾಗೆಯೇ, ಈ ಕಾಯಿಲೆ ಇರುವ ಎಲ್ಲರಲ್ಲೂ ಮರ್ಮರ್ ಇರುವುದಿಲ್ಲ ಎನ್ನುವುದೂ ನಿಜ.

ಬಿಪಿಯನ್ನು ಕೂರಿಸಿ, ತೋಳಿನ ಅಳತೆಗೆ ಸರಿಯಾದ ಪಟ್ಟಿಯಲ್ಲಿ, ಸಾಧ್ಯವಾದರೆ ಎರಡೂ ಕೈಯಲ್ಲಿ ನೋಡುತ್ತಾರೆ. ತೊಡೆಸಂದಿಯ ನಾಡಿಯನ್ನೂ ಮುಟ್ಟಿ ನೋಡಬೇಕು. ಅಲ್ಲಿ ನಾಡಿ ಕ್ಷೀಣವಾಗಿದ್ದರೆ ಮಹಾಪಧಮನಿ ಎಲ್ಲೋ ಕಿರಿದಾಗಿರಬಹುದು. ಮಕ್ಕಳು ಮುಜುಗರಪಡುತ್ತಾರೆ, ಹಾಗಾಗಿ ಏಕೆ ಮುಟ್ಟುತ್ತಾರೆ ಎಂದು ಮೊದಲೇ ಹೇಳಿಟ್ಟಿರಿ.

ಇನ್ನು ಮಾರ್ಫನ್ ಲಕ್ಷಣಗಳು. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್‌ನಲ್ಲಿ ಎತ್ತರದವರನ್ನೇ ಆರಿಸುತ್ತೇವಲ್ವಾ, ಆದ್ದರಿಂದ ಅಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ತುದಿಗೆ ಇರುವ ಅಳತೆ ಎತ್ತರಕ್ಕಿಂತ ಸಾಕಷ್ಟು ಜಾಸ್ತಿ ಇರುವುದು, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದರೆ ಅದರ ತುದಿ ಕಿರುಬೆರಳಿನ ಆಚೆ ಹೊರಬರುವುದು, ಇನ್ನೊಂದು ಕೈಯ ಮಣಿಕಟ್ಟನ್ನು ಬಳಸಿ ಹಿಡಿದಾಗ ಹೆಬ್ಬೆರಳು ಕಿರುಬೆರಳ ಮೇಲೆ ಹಾಯುವುದು, ಎದೆಗೂಡು ಒಳಗೆ ಕುಸಿದಿರುವುದು ಅಥವಾ ಮುಂದೆ ಬಂದಿರುವುದು, ಬೆನ್ನು ಡೊಂಕು, ಚಿಕ್ಕಂದಿನಿಂದಲೇ ದಪ್ಪ ಕನ್ನಡಕ. ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಹಲವು ಒಟ್ಟಿಗೆ ಕಂಡರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ ಮಹಾಪಧಮನಿಯ ಅಗಲ ನೋಡಬೇಕು.

ಹೆಜ್ಜೆ 4: ಇಸಿಜಿ ಬೇಕಾ?

ಇಲ್ಲಿ ವೈದ್ಯರಲ್ಲೇ ಎರಡು ಪಕ್ಷ ಇದೆ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳಿಗೆ ಇಸಿಜಿ ಸಹಿತ ತಪಾಸಣೆ ಕಾನೂನಿನ ಪ್ರಕಾರ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ 1979–80ರಲ್ಲಿ ಲಕ್ಷ ಕ್ರೀಡಾಪಟುಗಳಿಗೆ ವರ್ಷಕ್ಕೆ 3.6 ಇದ್ದ ಹಠಾತ್ ಸಾವಿನ ಪ್ರಮಾಣ 2003–04ರ ಹೊತ್ತಿಗೆ 0.4ಕ್ಕೆ ಇಳಿಯಿತು. ಇಸ್ರೇಲ್ ಕೂಡ 1997ರಲ್ಲಿ ಇಂಥದೇ ಕಾನೂನು ತಂದಿತು. ಆದರೆ ಅಲ್ಲಿ ಕಾನೂನಿನ ಮುಂಚೆ ಮತ್ತು ನಂತರದ ವರ್ಷಗಳನ್ನು ಹೋಲಿಸಿದ ಅಧ್ಯಯನಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಹೃದಯ ಸಂಘಟನೆ ಎಲ್ಲರಿಗೂ ಇಸಿಜಿ ಕಡ್ಡಾಯ ಮಾಡಿ ಎನ್ನಲಿಲ್ಲ, ಪ್ರಶ್ನೆ ಮತ್ತು ದೈಹಿಕ ಪರೀಕ್ಷೆಗೇ ಒತ್ತು ಕೊಟ್ಟಿತು. ಯುರೋಪಿನವರು ಇಸಿಜಿ ಪರ.

ನನ್ನ ಅಭಿಪ್ರಾಯ ಕೇಳಿದರೆ, ಸ್ಪರ್ಧೆಯ ಮಟ್ಟದಲ್ಲಿ ಆಡುವವರಿಗೆ ಒಂದು ಇಸಿಜಿ ಮಾಡಿಸುವುದು ಒಳ್ಳೆಯದು. ಪ್ರಶ್ನೆ ಕೇಳಿ ಮತ್ತು ಮುಟ್ಟಿ ನೋಡಿ ಸಿಗದ ಎಷ್ಟೋ ದೋಷಗಳು ಅದರಲ್ಲಿ ಸಿಗುತ್ತವೆ. ಲಾಂಗ್ ಕ್ಯೂಟಿ, ಡಬ್ಲ್ಯೂಪಿಡಬ್ಲ್ಯೂ ಸಿಗುತ್ತವೆ, ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಇದ್ದವರಲ್ಲಿ ಬಹುತೇಕರ ಇಸಿಜಿ ಏರುಪೇರಾಗಿರುತ್ತದೆ. ಆದರೆ ಒಂದು ಷರತ್ತು. ಅದನ್ನು ಓದುವವರಿಗೆ ಕ್ರೀಡಾಪಟುವಿನ ಇಸಿಜಿ ಓದಿ ಅಭ್ಯಾಸ ಇರಬೇಕು.

ಯಾಕೆಂದರೆ ಕಠಿಣ ಅಭ್ಯಾಸದಿಂದ ಹೃದಯ ತಾನೇ ಬದಲಾಗುತ್ತದೆ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 60ಕ್ಕಿಂತ ಕೆಳಗೆ, ಕೆಲವರಿಗೆ 40ರ ಆಸುಪಾಸಿಗೂ ಇಳಿಯುತ್ತದೆ. ಇಸಿಜಿ ಅಲೆಗಳು ಎತ್ತರವಾಗುತ್ತವೆ. ಪಿಆರ್ ಅಂತರ, ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ತಲುಪುವ ಹೊತ್ತು, ಸ್ವಲ್ಪ ಉದ್ದವಾಗುತ್ತದೆ. ಇದನ್ನೆಲ್ಲ ಕಾಯಿಲೆ ಎಂದು ಬರೆದುಬಿಟ್ಟರೆ ಒಂದು ಆರೋಗ್ಯವಂತ ಮಗುವಿನ ಆಟ ಸುಮ್ಮಸುಮ್ಮನೆ ನಿಂತುಹೋಗುತ್ತದೆ, ಮನೆಯವರ ನಿದ್ದೆಯೂ ಕೆಡುತ್ತದೆ. ಈ ತೊಂದರೆ ತಪ್ಪಿಸಲು 2017ರಲ್ಲಿ ಕ್ರೀಡಾಪಟುಗಳ ಇಸಿಜಿ ಓದಲು ಅಂತರರಾಷ್ಟ್ರೀಯ ಮಾನದಂಡ ಬಂತು. ಅದರ ಪ್ರಕಾರ ಓದಿದರೆ ತಪ್ಪು ಅನುಮಾನಕ್ಕೆ ಸಿಲುಕುವವರು ನೂರಕ್ಕೆ ಮೂವರ ಆಸುಪಾಸು ಮಾತ್ರ. ಹಳೆಯ ರೀತಿಯಲ್ಲಿ ಇದು ಎಷ್ಟೋ ಹೆಚ್ಚಿತ್ತು.

ಹಾಗಾಗಿ ಇಸಿಜಿ ಮಾಡಿಸುವಾಗ ಎರಡು ಕೆಲಸ ಮಾಡಿ. ವಯಸ್ಸು, ಆಟ, ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಎನ್ನುವುದನ್ನು ವೈದ್ಯರಿಗೆ ಬರೆದುಕೊಡಿ. ಯಂತ್ರ ತಾನೇ ಮುದ್ರಿಸುವ "ಅಬ್‌ನಾರ್ಮಲ್" ಎಂಬ ಸಾಲನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಅದು ಸಾಮಾನ್ಯ ಜನರ ಲೆಕ್ಕದಲ್ಲಿ ಬರೆದದ್ದು. ಅದೇ ರೀತಿ ಯಂತ್ರದ "ನಾರ್ಮಲ್" ನೋಡಿಯೂ ಸುಮ್ಮನಾಗಬೇಡಿ. ಕ್ಯೂಟಿ ಅಂತರವನ್ನು ವೈದ್ಯರೇ ಕೈಯಾರೆ ಅಳೆದು ನೋಡುವುದು ಒಳ್ಳೆಯದು. ಹೃದಯದ ವೇಗಕ್ಕೆ ಹೊಂದಿಸಿದ ಮೇಲೆ ಅದು ಹುಡುಗರಲ್ಲಿ 470, ಹುಡುಗಿಯರಲ್ಲಿ 480 ಮಿಲಿಸೆಕೆಂಡ್ ಮುಟ್ಟಿದ್ದರೆ ಮುಂದಿನ ವಿಚಾರಣೆ ಬೇಕು. ಬಡಿತದ ಕೊನೆಯಲ್ಲಿ ಬರುವ ಟಿ ಅಲೆ ತಲೆಕೆಳಗಾಗಿರುವುದು, ಮುಖ್ಯವಾಗಿ ಹೃದಯದ ಎಡ ಪಕ್ಕವನ್ನು ನೋಡುವ ಲೀಡ್‌ಗಳಲ್ಲಿ, ಅಭ್ಯಾಸದ ಪರಿಣಾಮ ಎಂದು ತಳ್ಳಿಹಾಕುವಂಥದ್ದಲ್ಲ.

ಇಸಿಜಿಗೆ ಸಿಗದವೂ ಇವೆ. ಕರೋನರಿ ನಾಳ ತಪ್ಪು ಜಾಗದಿಂದ ಹೊರಟಿರುವುದು ಹೆಚ್ಚಾಗಿ ಅದರಲ್ಲಿ ಕಾಣುವುದಿಲ್ಲ. ಸಿಪಿವಿಟಿ ಇದ್ದವರ ಇಸಿಜಿ ಮಲಗಿದ್ದಾಗ ಅಚ್ಚುಕಟ್ಟಾಗಿರುತ್ತದೆ, ಓಡಿಸಿದಾಗಲೇ ಲಯ ಕೆಡುವುದು. ಆದ್ದರಿಂದ ಓಡುವಾಗ ಬಿದ್ದ ಮಗುವಿನ ಇಸಿಜಿ ನಾರ್ಮಲ್ ಬಂತು ಎಂದು ಮನೆಗೆ ಕರೆತರುವ ಹಾಗಿಲ್ಲ.

ಹೆಜ್ಜೆ 5: ಅನುಮಾನ ಬಂದರೆ

ಮೊದಲು ಆಟ ನಿಲ್ಲಿಸಿ. ಅಭ್ಯಾಸವೂ ಬೇಡ, "ಮೆಲ್ಲಗೆ ಓಡ್ತೀನಿ" ಎನ್ನುವುದೂ ಬೇಡ. ಇದು ಶಾಶ್ವತವಲ್ಲ, ಪರೀಕ್ಷೆ ಮುಗಿಯುವ ತನಕ ಅಷ್ಟೇ ಎಂದು ಮಗುವಿಗೂ ಕೋಚ್‌ಗೂ ತಿಳಿಸಿ. ಪಂದ್ಯ ಹತ್ತಿರ ಇದೆ ಎಂದು ಪರೀಕ್ಷೆ ಮುಂದೂಡುವುದು ಈ ಇಡೀ ಕೆಲಸದಲ್ಲಿ ಅತಿ ಅಪಾಯದ ನಿರ್ಧಾರ.

ಮುಂದೆ ಯಾವ ಪರೀಕ್ಷೆ ಎನ್ನುವುದನ್ನು ಹೃದ್ರೋಗ ತಜ್ಞರು ಹೇಳುತ್ತಾರೆ. ಸಾಮಾನ್ಯವಾಗಿ ಮೊದಲು ಎಕೋ, ಸ್ನಾಯುವಿನ ದಪ್ಪ, ಕವಾಟ, ಮಹಾಪಧಮನಿ ನೋಡಲು. ಅನುಭವ ಇರುವವರು ಎಕೋದಲ್ಲಿ ಕರೋನರಿ ನಾಳಗಳು ಎಲ್ಲಿಂದ ಹೊರಟಿವೆ ಎಂದೂ ಹುಡುಕುತ್ತಾರೆ, ಹಾಗಾಗಿ ಅದನ್ನು ನೋಡಿದ್ದಾರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಶ್ರಮದ ವೇಳೆ ತೊಂದರೆಯಾಗಿದ್ದರೆ ಟ್ರೆಡ್‌ಮಿಲ್ ಟೆಸ್ಟ್. ಅದರಲ್ಲಿ ಮಗು ನಿಜವಾಗಿಯೂ ಸುಸ್ತಾಗುವ ತನಕ ಓಡಬೇಕು, ಲೆಕ್ಕದ ವೇಗ ಮುಟ್ಟಿತು ಎಂದು ಮಧ್ಯದಲ್ಲಿ ನಿಲ್ಲಿಸಿದರೆ ಉಪಯೋಗ ಕಡಿಮೆ. ಎದೆ ಬಡಿತದ ದೂರಿಗೆ 24 ಗಂಟೆ ಅಥವಾ ಹೆಚ್ಚು ಹೊತ್ತಿನ ಹೋಲ್ಟರ್, ಅಂದರೆ ಮೈಮೇಲೆ ಕಟ್ಟಿಕೊಂಡು ಓಡಾಡುವ ಇಸಿಜಿ. ಎಕೋದಲ್ಲಿ ತೀರ್ಮಾನವಾಗದಿದ್ದರೆ ಹೃದಯದ ಎಂಆರ್‌ಐ.

ಒಂದು ಕಷ್ಟದ ಜಾಗ ಇದೆ. ಹೃದಯದ ಗೋಡೆ 13ರಿಂದ 16 ಮಿಲಿಮೀಟರ್ ದಪ್ಪ ಇದ್ದರೆ ಅದು ಕಾಯಿಲೆಯೋ ಅಭ್ಯಾಸದ ಫಲವೋ ಎಂದು ಒಂದೇ ಸಲಕ್ಕೆ ಹೇಳಲಾಗದು. ಅಭ್ಯಾಸದ ಹೃದಯದಲ್ಲಿ ಗೋಡೆಯ ಜೊತೆ ಒಳಕೋಣೆಯೂ ದೊಡ್ಡದಾಗಿರುತ್ತದೆ. ಕೆಲವು ತಿಂಗಳು ಅಭ್ಯಾಸ ಬಿಟ್ಟರೆ ದಪ್ಪ ಇಳಿಯುತ್ತದೆ. ಕಾಯಿಲೆಯಲ್ಲಿ ಒಳಕೋಣೆ ಹೆಚ್ಚಾಗಿ ಚಿಕ್ಕದು, ಬಿಟ್ಟರೂ ದಪ್ಪ ಇಳಿಯುವುದಿಲ್ಲ. ಎಂಆರ್‌ಐ, ಕುಟುಂಬದವರ ಪರೀಕ್ಷೆ, ಜೀನ್ ಪರೀಕ್ಷೆ ಎಲ್ಲ ಸೇರಿಸಿ ನೋಡಬೇಕಾಗುತ್ತದೆ. ತಾಳ್ಮೆ ಬೇಕು.

ದೋಷ ಸಿಕ್ಕರೆ ಆಟದ ಬದುಕು ಮುಗಿಯಿತು ಎಂದುಕೊಳ್ಳುವ ಕಾಲ ಹೋಗಿದೆ. ಡಬ್ಲ್ಯೂಪಿಡಬ್ಲ್ಯೂ ಇದ್ದರೆ ಕ್ಯಾಥೆಟರ್ ಮೂಲಕ ಆ ಹೆಚ್ಚುವರಿ ದಾರಿಯನ್ನು ಸುಟ್ಟು ಸರಿಪಡಿಸಬಹುದು, ಹೆಚ್ಚಿನವರು ಮತ್ತೆ ಆಡುತ್ತಾರೆ. ತಪ್ಪು ಜಾಗದ ಕರೋನರಿ ನಾಳಕ್ಕೆ ಆಪರೇಷನ್ ಇದೆ. ಲಾಂಗ್ ಕ್ಯೂಟಿ ಇದ್ದ ಹಲವರು ಮಾತ್ರೆ ತಪ್ಪದೆ ತೆಗೆದುಕೊಂಡು, ತಜ್ಞರ ನಿಗಾದಲ್ಲಿ ಆಡುತ್ತಿದ್ದಾರೆ. ಮಯೋಕಾರ್ಡೈಟಿಸ್ ಆದವರನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳು ದೂರವಿಟ್ಟು, ಮತ್ತೆ ಪರೀಕ್ಷಿಸಿ ಬಿಡುತ್ತಾರೆ. ಮೊದಲು ವೈದ್ಯರು "ಬೇಡ" ಎಂದರೆ ಮುಗಿಯಿತು ಅನ್ನುವ ಹಾಗಿತ್ತು. ಈಗ ಅಪಾಯ ಎಷ್ಟು, ದಾರಿ ಯಾವುವು ಎಂದು ಕ್ರೀಡಾಪಟು, ಮನೆಯವರು, ತಜ್ಞರು ಕೂತು ಮಾತಾಡಿ ನಿರ್ಧರಿಸುತ್ತಾರೆ. ಆ ಮಾತುಕತೆಯಲ್ಲಿ ಮಗುವಿಗೂ ಬಾಯಿ ಇರಲಿ. ಆದರೆ ತಜ್ಞರು ಸ್ಪಷ್ಟವಾಗಿ ಅಪಾಯ ಎಂದಾಗ ಪದಕದ ಆಸೆಗೆ ಅದನ್ನು ಮೀರಬೇಡಿ.

ಹೆಜ್ಜೆ 6: ಎಲ್ಲ ನಾರ್ಮಲ್ ಬಂದರೆ

ಸಂತೋಷಪಡಿ, ಆಡಲು ಬಿಡಿ. ಆದರೆ ಆ ಕಾಗದವನ್ನು ಜೀವನಪೂರ್ತಿ ಗ್ಯಾರಂಟಿ ಎಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ 1996ರಿಂದ 2016ರವರೆಗೆ 11,168 ಹದಿಹರೆಯದ ಫುಟ್‌ಬಾಲ್ ಆಟಗಾರರನ್ನು ಪ್ರಶ್ನಾವಳಿ, ದೈಹಿಕ ಪರೀಕ್ಷೆ, ಇಸಿಜಿ, ಎಕೋ ಎಲ್ಲ ಮಾಡಿ ನೋಡಿದರು. 42 ಮಂದಿಯಲ್ಲಿ ಪ್ರಾಣಕ್ಕೆ ಅಪಾಯ ತರಬಲ್ಲ ದೋಷ ಸಿಕ್ಕಿತು. ಅದು ದೊಡ್ಡ ಲಾಭ. ಆದರೆ ನಂತರದ ವರ್ಷಗಳಲ್ಲಿ ಎಂಟು ಮಂದಿ ಹೃದಯದ ಕಾಯಿಲೆಯಿಂದ ಹಠಾತ್ತಾಗಿ ತೀರಿಕೊಂಡರು, ಅವರಲ್ಲಿ ಆರು ಮಂದಿಯ ತಪಾಸಣೆ ನಾರ್ಮಲ್ ಬಂದಿತ್ತು. ತಪಾಸಣೆಗೂ ಸಾವಿಗೂ ನಡುವೆ ಸರಾಸರಿ 6.8 ವರ್ಷ ಕಳೆದಿತ್ತು.

ಕಾರ್ಡಿಯೋಮಯೋಪತಿಗಳು ಹದಿಹರೆಯದಲ್ಲಿ, ಅದರ ನಂತರವೂ ನಿಧಾನವಾಗಿ ಬೆಳೆಯುತ್ತವೆ. 14ರಲ್ಲಿ ಕಾಣದ್ದು 19ರಲ್ಲಿ ಕಾಣಬಹುದು. ಆದ್ದರಿಂದ 12ರ ಹೊತ್ತಿಗೆ ಅಥವಾ ಸ್ಪರ್ಧೆಗೆ ಇಳಿಯುವಾಗ ಶುರು ಮಾಡಿ, ಪ್ರಶ್ನೆಗಳನ್ನು ಪ್ರತಿ ವರ್ಷ ಕೇಳಿ, ಪರೀಕ್ಷೆಯನ್ನು ವರ್ಷ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿಸುತ್ತಾ ಬನ್ನಿ. ಹೊಸ ಲಕ್ಷಣ ಕಂಡರೆ ಹಳೆಯ ನಾರ್ಮಲ್ ವರದಿಯನ್ನು ಪಕ್ಕಕ್ಕಿಟ್ಟು ಮೊದಲಿಂದ ನೋಡಬೇಕು. ಕುಟುಂಬದಲ್ಲಿ ಹೊಸದಾಗಿ ಏನಾದರೂ ಆದರೂ ಅಷ್ಟೇ.

ಜ್ವರ ಇದ್ದಾಗ ಆಡಿಸಬೇಡಿ. ಜ್ವರ ಬಿಟ್ಟ ಮೇಲೂ ಎದೆ ನೋವು, ಎದೆ ಬಡಿತ, ಮೊದಲಿಲ್ಲದ ಏದುಸಿರು ಉಳಿದಿದ್ದರೆ ಮೈದಾನಕ್ಕೆ ಕಳಿಸುವ ಮುಂಚೆ ವೈದ್ಯರಿಗೆ ತೋರಿಸಿ.

ಹೆಜ್ಜೆ 7: ಮೈದಾನದಲ್ಲಿ ಸಿದ್ಧತೆ

ತಪಾಸಣೆಯ ಕಣ್ಣು ತಪ್ಪಿಸಿದವರನ್ನು ಉಳಿಸುವುದು ಇದೇ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ನಡುವೆ ಕುಸಿದು ಬಿದ್ದರು. ವೃತ್ತಿಪರ ಆಟಗಾರ, ಹಿಂದಿನ ತಪಾಸಣೆಗಳಲ್ಲಿ ದೋಷ ಕಂಡಿರಲಿಲ್ಲ. ಮೈದಾನದಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಅವರು ಬದುಕಿದರು. ಎದೆಯಲ್ಲಿ ಐಸಿಡಿ ಇಟ್ಟುಕೊಂಡು 2022ರಲ್ಲಿ ಮತ್ತೆ ಆಡಿದರು.

ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕಡಿಮೆಯಾಗುತ್ತದೆ. ಆಂಬುಲೆನ್ಸ್ ಬರಲಿ ಎಂದು ಕಾಯುತ್ತಾ ಕೂತರೆ ಹೊತ್ತು ಮೀರಿರುತ್ತದೆ. ಕುಸಿದ ಮೂರು ನಿಮಿಷದೊಳಗೆ ಮೊದಲ ಶಾಕ್ ಸಿಗಬೇಕು ಎಂಬ ಗುರಿ ಇಟ್ಟುಕೊಂಡು, ಹೃದಯಕ್ಕೆ ಶಾಕ್ ಕೊಡುವ ಯಂತ್ರವಾದ ಎಇಡಿಯನ್ನು ಎಲ್ಲಿಡಬೇಕು ಎಂದು ಲೆಕ್ಕ ಹಾಕಿ. ಮೈದಾನದ ಆ ತುದಿಯಿಂದ ಒಬ್ಬರನ್ನು ಓಡಿಸಿ, ಎಇಡಿ ತಂದು ಪ್ಯಾಡ್ ಹಚ್ಚುವವರೆಗೆ ಗಡಿಯಾರ ಹಿಡಿದು ನೋಡಿ. ಪೆಟ್ಟಿಗೆ ಕಚೇರಿಯ ಬೀಗದ ಒಳಗಿದ್ದು, ಬೀಗದ ಕೈ ಬೇರೆಯವರ ಜೇಬಿನಲ್ಲಿದ್ದರೆ ಆ ಎಇಡಿ ಇದ್ದೂ ಇಲ್ಲದ ಹಾಗೆ. ಬ್ಯಾಟರಿ ಮತ್ತು ಪ್ಯಾಡ್‌ಗೆ ಅವಧಿ ಇರುತ್ತದೆ, ಅದನ್ನು ನೋಡುವ ಕೆಲಸ ಒಬ್ಬರ ಹೆಸರಲ್ಲಿ ಇರಲಿ.

ಗುರುತಿಸುವುದು ಹೇಗೆ? ಯಾರೂ ಡಿಕ್ಕಿ ಹೊಡೆಯದೆ ಆಟಗಾರ ಕುಸಿದು, ಕರೆದರೆ ಓಗೊಡದಿದ್ದರೆ, ಹೃದಯ ನಿಂತಿದೆ ಎಂದೇ ಹಿಡಿಯಿರಿ. ಎದೆಗೆ ಪೆಟ್ಟು ಬಿದ್ದ ಮೇಲೆ ಕುಸಿದರೂ ಅಷ್ಟೇ. ಕಣ್ಣು ತೆರೆದೇ ಇರಬಹುದು. ಕೈಕಾಲು ಅದುರಬಹುದು. ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಬಾಯಿ ಬಿಟ್ಟು ಎಳೆದುಕೊಳ್ಳಬಹುದು, ಅದು ಉಸಿರಾಟವಲ್ಲ. "ಉಸಿರಾಡ್ತಿದ್ದಾನೆ, ಗಾಳಿ ಬಿಡಿ" ಎಂದು ಎಲ್ಲರೂ ಸುತ್ತ ನಿಲ್ಲುವುದು, ನೀರು ಚಿಮುಕಿಸುವುದು, ಬಾಯಿಗೆ ನೀರು ಹಾಕುವುದು ಬೇಡ. ಈ ಹೊತ್ತಲ್ಲೇ ಬೆಲೆಬಾಳುವ ನಿಮಿಷಗಳು ಹೋಗಿಬಿಡುವುದು.

ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ, ಒಬ್ಬರು ಎಇಡಿಗೆ ಓಡಲಿ. ಹತ್ತಿರ ಇರುವವರು ಎದೆಯ ನಡುಭಾಗದಲ್ಲಿ ಎರಡೂ ಕೈ ಇಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಹೋಗಲಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸುಸ್ತಾದರೆ ಎರಡು ನಿಮಿಷಕ್ಕೊಮ್ಮೆ ಬೇರೆಯವರು ಕೈ ಬದಲಿಸಲಿ. ಎಇಡಿ ಬಂದ ಕೂಡಲೇ ಅಂಗಿ ಕತ್ತರಿಸಿ, ಬೆವರು ಒರೆಸಿ ಪ್ಯಾಡ್ ಹಚ್ಚಿ. ಹುಡುಗಿ ಎಂದು ಹಿಂಜರಿಯುವುದು ಬೇಡ, ಆ ಹಿಂಜರಿಕೆಗೆ ಜೀವವೇ ಹೋಗಬಹುದು. ಮುಂದಿನದನ್ನು ಯಂತ್ರವೇ ಹೇಳುತ್ತದೆ. ಅಗತ್ಯ ಇಲ್ಲದವರಿಗೆ ಅದು ಶಾಕ್ ಕೊಡುವುದಿಲ್ಲ, ಆದ್ದರಿಂದ ತಪ್ಪಾಗುತ್ತದೇನೋ ಎಂಬ ಭಯ ಬೇಡ.

ಕೋಚ್‌ಗಳಿಗೆ ಮಾತ್ರವಲ್ಲ, ಆಟಗಾರರಿಗೂ ಇದನ್ನು ಕಲಿಸಿ. ಕುಸಿದವರ ಪಕ್ಕದಲ್ಲಿ ಮೊದಲು ಇರುವುದು ಅವರೇ. ಋತುವಿಗೊಮ್ಮೆ ಯಾರಿಗೂ ಮೊದಲೇ ಹೇಳದೆ ಅಣಕು ಪ್ರಯೋಗ ಮಾಡಿಸಿದರೆ ಎಲ್ಲಿ ತಡವಾಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ.

ಹೆಜ್ಜೆ 8: ಒಬ್ಬರಲ್ಲಿ ಸಿಕ್ಕರೆ ಉಳಿದವರನ್ನೂ ನೋಡಿ

ಮಗುವಿನಲ್ಲಿ ವಂಶದಿಂದ ಬರುವ ದೋಷ ಸಿಕ್ಕಿದರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಆಡಲಿ ಬಿಡಲಿ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕೂತಿದ್ದಾಗಲೇ ಕುಸಿದು ತೀರಿಕೊಂಡರು. ಮಾರ್ಫನ್ ಇದ್ದದ್ದು, ಮಹಾಪಧಮನಿ ಸೀಳಿದ್ದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯಿತು. ಆಮೇಲೆ ಅವರ ಸಹೋದರನನ್ನು ಪರೀಕ್ಷಿಸಿದಾಗ ಅವರಿಗೂ ಅದೇ ಕಾಯಿಲೆ ಕಂಡಿತು, ಆಪರೇಷನ್ ಆಯಿತು.

ಎಳೆ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡ ಮನೆಯಲ್ಲಿ ಮರಣೋತ್ತರ ಪರೀಕ್ಷೆ ಬೇಡ ಎನ್ನುವ ಮನಸ್ಸಾಗುವುದು ಅರ್ಥವಾಗುತ್ತದೆ. ಆದರೂ ದಯವಿಟ್ಟು ಮಾಡಿಸಿ, ಹೃದಯವನ್ನು ವಿಶೇಷವಾಗಿ ನೋಡಲು ಕೇಳಿ. ಜೀನ್ ಪರೀಕ್ಷೆಗೆ ಬೇಕಾಗುವ ರಕ್ತ ಅಥವಾ ಅಂಗಾಂಶದ ಮಾದರಿಯನ್ನು ತೆಗೆದಿಡಲು ಆಗಲೇ ಹೇಳಬೇಕು, ಆಮೇಲೆ ಸಿಗುವುದಿಲ್ಲ. ಹೃದಯದಲ್ಲಿ ಏನೂ ಕಾಣದೆ ಹೋದಾಗ ಕಾರಣ ತಿಳಿಯಲು ಆ ಮಾದರಿಯೇ ದಾರಿ. ಅದರ ವರದಿ ಬರುವ ತನಕ ಕಾಯದೆ, ಒಡಹುಟ್ಟಿದವರ ಮತ್ತು ಹೆತ್ತವರ ಇಸಿಜಿ, ಎಕೋ, ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿ ಮುಗಿಸಿ.